ನೋಯದ ಸೂಜಿಯ ದೂರುಗಳು

ಫೆಬ್ರವರಿ 9

ಪ್ರೀತಿಯ ಮಾವ,

ಕೂತು ಬರೆಯಲು ಆಗುತ್ತಿಲ್ಲ, ನಿಂತೇ ಬರೆಯುತ್ತಿದ್ದೇನೆ. ನಮ್ಮ ಅಂಟುಪಟ್ಟಿಯನ್ನು ಮನುಷ್ಯರ ಮೇಲೆ ಪರೀಕ್ಷಿಸಲು ಅನುಮತಿ ಸಿಕ್ಕಿತು! ಬೆಳಿಗ್ಗೆ ನಮ್ಮ ಮೇಡಂ ಪ್ರಯೋಗಾಲಯದ ಬಾಗಿಲಲ್ಲಿ ನಿಂತು, "ಆಯ್ತು ಕಣ್ರೇ, ಆಯ್ತು" ಎಂದರು. ನಗುವುದೆಂದರೆ ಹಲ್ಲು ಕೀಳಿಸಿಕೊಂಡಂತೆ ಆಡುವ ಹೆಂಗಸು, ಇವತ್ತು ಕಿವಿಯಿಂದ ಕಿವಿಗೆ ನಗುತ್ತಿದ್ದರು. ನಾನು ರಬ್ಬರಿನ ಕೈಗವಸಿನಲ್ಲೇ ಚಪ್ಪಾಳೆ ತಟ್ಟಿದೆ, ಪುಸುಕ್ ಪುಸುಕ್ ಎಂದಿತು.

ಫೋನಿನಲ್ಲಿ ನಿನಗೊಂದು ಮಾತು ಹೇಳುವಷ್ಟರಲ್ಲಿ ನಿನ್ನ ಕ್ಷೌರದಂಗಡಿಯ ಕುರ್ಚಿಯಲ್ಲಿ ಕೂತ ಗಿರಾಕಿಗಳೆಲ್ಲ ಬಾಯಿ ಹಾಕುತ್ತಾರೆ. ಅದಕ್ಕೇ ಕಾಗದ. "ನಮ್ಮ ಹುಡುಗಿ ಏನೋ ಸೂಜಿ ಮಾಡ್ತಾಳೆ" ಎಂದು ನೀನು ಎಲ್ಲರ ಹತ್ತಿರ ಹೇಳುವುದು ಗೊತ್ತು. ಈ ಸಲ ಸರಿಯಾಗಿ ಹೇಳು. ಅಂಚೆ ಚೀಟಿಯಷ್ಟು ಅಗಲದ ಅಂಟುಪಟ್ಟಿ. ಅದರ ನಡುವೆ ನೂರಾರು ಮೊನೆಗಳು, ಬರಿಗಣ್ಣಿಗೆ ಬರೀ ತರಿತರಿ. ಸಕ್ಕರೆ ಜಾತಿಯ ಪಾಕದಲ್ಲಿ ಔಷಧಿ ಕಲಸಿ, ಅಚ್ಚಿಗೆ ಹೊಯ್ದು ಒಣಗಿಸುತ್ತೇವೆ. ಆ ಹೊಯ್ಯುವ ಕೆಲಸ ನನ್ನದು. ಪಟ್ಟಿಯನ್ನು ತೋಳಿಗೆ ಇಟ್ಟು ಹೆಬ್ಬೆರಳಿನಿಂದ ಒತ್ತಿದರೆ ಟಕ್ ಎನ್ನುತ್ತದೆ, ಮೊನೆಗಳು ಮೇಲುಚರ್ಮ ದಾಟಿದವು ಎಂದು ಅರ್ಥ. ನೋವು ತಿಳಿಯುವ ಆಳಕ್ಕೆ ಅವು ಇಳಿಯುವುದು ಕಡಿಮೆ. ಅಲ್ಲೇ ಕರಗಿ ಔಷಧಿ ಬಿಟ್ಟುಕೊಡುತ್ತವೆ. ಪಟ್ಟಿ ಕಿತ್ತರೆ ಚೂಪಾದದ್ದು ಏನೂ ಉಳಿಯುವುದಿಲ್ಲ. ಮೂರು ವರ್ಷ ನನ್ನ ಮೊನೆಗಳು ಬಾಗಿದವು, ಮುರಿದವು, ಗುಳ್ಳೆಯೆದ್ದವು. ಈಗ ನಿಂತಿವೆ ಮಾವ, ಸಿಪಾಯಿಗಳ ಹಾಗೆ!

ಮೊದಲ ಔಷಧಿ ಬಿ-ಹನ್ನೆರಡು ವಿಟಮಿನ್. ಅದು ಕಡಿಮೆಯಾದವರಿಗೆ ಕೈಕಾಲು ಜೋಮು ಹಿಡಿಯುತ್ತದೆ. ಚೀಟಿ ಎತ್ತಿ ಅರ್ಧ ಜನಕ್ಕೆ ಮಾಮೂಲಿ ಇಂಜೆಕ್ಷನ್, ಇನ್ನರ್ಧ ಜನಕ್ಕೆ ನಮ್ಮ ಪಟ್ಟಿ, ವಾರಕ್ಕೊಂದು. ಎರಡು ಊರುಗಳಲ್ಲಿ ನಡೆಯುತ್ತದೆ. ಒಂದು ಯಾವುದು ಹೇಳು? ನಿನ್ನ ಅಂಗಡಿಯ ಎದುರಿನ ದೊಡ್ಡಾಸ್ಪತ್ರೆ!

ಅಂದಹಾಗೆ, ಅತ್ತೆ ಮೊನ್ನೆ ಫೋನಿನಲ್ಲಿ ನಿನ್ನ ಕೈ ಬಗ್ಗೆ ಏನೋ ಹೇಳಲು ಹೋಗಿ ನುಂಗಿಕೊಂಡರು. ಕೈಗೆ ಏನಾಗಿದೆ?

ನಿನ್ನ ಚೂಟಿ

*

ಫೆಬ್ರವರಿ 20

ಚೂಟಿ ಮಗಳೇ,

ನಿನ್ನ ಕಾಗದವನ್ನು ಅಂಗಡಿಯಲ್ಲಿ ಗಟ್ಟಿಯಾಗಿ ಓದಿದೆ. ಅರ್ಧ ತಲೆ ಕಟಿಂಗ್ ಆಗಿದ್ದ ಮೇಷ್ಟ್ರು, "ಇನ್ನೊಂದ್ಸಲ ಓದಯ್ಯಾ" ಎಂದು ಎದ್ದು ಕೂತರು. ನಿನಗೆ ಒಂಬತ್ತರ ಮಗ್ಗಿ ಬರಲಿಲ್ಲವೆಂದು ಬೆಂಚಿನ ಮೇಲೆ ನಿಲ್ಲಿಸಿದ್ದನ್ನು ಮರೆತು, ನೀನು ತನ್ನ ಶಿಷ್ಯೆ ಎಂದು ಈಗ ಬೀದಿಗೆಲ್ಲ ಸಾರುತ್ತಿದ್ದಾರೆ.

ನನ್ನ ಕೈಗೆ ಏನಾಗಬೇಕು? ಕೈ ಕಲ್ಲಿನ ಹಾಗಿದೆ. ನಿನ್ನ ಅತ್ತೆಗೆ ಸೊಳ್ಳೆ ಕಚ್ಚಿದರೂ ಆಂಬುಲೆನ್ಸ್ ಬೇಕು.

ಪರೀಕ್ಷೆಗೆ ನಾನಂತೂ ಸೇರಿಲ್ಲ. ನನ್ನ ಗಿರಾಕಿಯೊಬ್ಬ ಸೇರಿದ್ದಾನೆ. ಸೂಜಿ ಕಂಡರೆ ಕಾಲು ಕೀಳುವ ಆಸಾಮಿ. ಇಂಜೆಕ್ಷನ್ ಚೀಟಿ ಬಂದರೆ ಕಿಟಕಿ ಹಾರುವುದೆಂದು ಕಿಟಕಿಯ ಪಕ್ಕದಲ್ಲೇ ಕೂತಿದ್ದನಂತೆ. ಪುಣ್ಯಕ್ಕೆ ಪಟ್ಟಿಯ ಚೀಟಿ ಬಂತು. ಹಿಗ್ಗಿ ಹೀರೇಕಾಯಿಯಾಗಿ ತೋಳು ಚಾಚಿದರೆ, ನರ್ಸಮ್ಮ ಉದ್ದನೆಯ ಸೂಜಿ ಹಿಡಿದು ಬಂದಳು. "ಇದೇನಮ್ಮಾ ಮೋಸ?" ಎಂದರೆ, "ಮೊದಲು ರಕ್ತ ತಗೋಬೇಕಲ್ಲ, ಪಟ್ಟಿ ಕೆಲಸ ಮಾಡ್ತೋ ಇಲ್ವೋ ಹೆಂಗೆ ಗೊತ್ತಾಗುತ್ತೆ?" ಎಂದಳಂತೆ! ಸೂಜಿ ಬೇಡವೆಂದು ಹೋದವನಿಗೆ ಸೂಜಿಯಿಂದಲೇ ಸ್ವಾಗತ. ಆದರೆ ಪಟ್ಟಿ ಒತ್ತಿದಾಗ ಬೆಕ್ಕಿನ ನಾಲಿಗೆ ತಾಕಿದಷ್ಟೇ ಆಯಿತು. ನನಗೆ ಕಣ್ಣಲ್ಲಿ ನೀರೇ ಬಂತು. ಅವನಿಗೆ, ಎಂದು ಓದಿಕೋ. ಕನ್ನಡಕ ಒರೆಸಬೇಕು.

ನಿನ್ನ ಮಾವ

*

ಮಾರ್ಚ್ 4

ಪ್ರೀತಿಯ ಮಾವ,

ಬೆಕ್ಕಿನ ನಾಲಿಗೆ! ಊಟದ ಹೊತ್ತಿನಲ್ಲಿ ಆ ಸಾಲನ್ನು ಎಲ್ಲರಿಗೂ ಓದಿದೆ. ಮೇಡಂ ಅದನ್ನು ಬರೆದುಕೊಂಡರು. ನಿನ್ನ ಆ ಗಿರಾಕಿ ಯಾರೆಂದು ನಾನು ಕಂಡುಹಿಡಿದೆ. ಮೇಷ್ಟ್ರು ತಾನೇ? ಬೆತ್ತ ಹಿಡಿದವರಿಗೇ ಸೂಜಿಯ ಭಯ ಹೆಚ್ಚು. ಹೇಳಬೇಡ, ಹೇಳಬೇಡ. ಸೇರಿದವರ ಹೆಸರು ನಮಗೆ ತಿಳಿಯಬಾರದು, ಪಟ್ಟಿ ಮಾಡಿದವರ ಮನೆಯವರಂತೂ ಸೇರಲೇಬಾರದು.

ಇಲ್ಲಿ ನನ್ನ ಮೇಜಿನ ಮೇಲೆ ಹೊಸ ಅಚ್ಚುಗಳು ಬಂದಿವೆ. ಕನ್ನಡಿಯಷ್ಟು ನುಣುಪು. ಒಂದು ಹನಿ ಪಾಕ ಬಿಟ್ಟು, ಯಂತ್ರದಲ್ಲಿ ಗಿರ್ರೆಂದು ತಿರುಗಿಸಿದರೆ ಹನಿ ತಾನಾಗಿ ಮೊನೆಯ ತುದಿಯವರೆಗೂ ಇಳಿಯುತ್ತದೆ. ಮರುದಿನ ಬಿಡಿಸುವಾಗ ನಾನು ಉಸಿರು ಹಿಡಿಯುತ್ತೇನೆ. ಒಂದೂ ಮುರಿಯದೆ ಬಂದರೆ ಪಕ್ಕದ ಮೇಜಿನವಳು ಹಾಡುತ್ತಾಳೆ. ಕೆಟ್ಟದಾಗಿ ಹಾಡುತ್ತಾಳೆ, ಆದರೂ ಹಾಡಲಿ ಎಂದೇ ಆಸೆ.

ಒಂದೇ ಒಂದು ಕಿರಿಕಿರಿ. ಇನ್ನೊಂದು ಊರಿನಲ್ಲಿ ಕೆಲವರಿಗೆ ತೋಳು ಕೆಂಪಾಗಿ ತುರಿಸುತ್ತಿದೆಯಂತೆ. ದೂರು ಹೆಚ್ಚಾದರೆ ಎಲ್ಲವನ್ನೂ ನಿಲ್ಲಿಸುತ್ತಾರೆ. ನಿಂತರೆ ನಾನು ಹೊಸ ಕೆಲಸ ಹುಡುಕಬೇಕು. ನಿನ್ನ ಊರಿನಲ್ಲಾದರೂ ಯಾರೂ ಕೆರೆದುಕೊಳ್ಳದ ಹಾಗೆ ನೋಡಿಕೋ ಮಾವ!

ನಿನ್ನ ಚೂಟಿ

*

ಮಾರ್ಚ್ 17

ಚೂಟಿ ಮಗಳೇ,

ನೋಡಿಕೋ ಎಂದೆಯಲ್ಲ, ನೋಡಿಕೊಂಡಿದ್ದೇನೆ. ಈ ಊರಿನಲ್ಲಿ ಒಬ್ಬನೂ ಕೆರೆದುಕೊಳ್ಳುವುದಿಲ್ಲ. ನಿನ್ನ ಕೆಲಸಕ್ಕೆ ಕುತ್ತು ತರುವವರು ಯಾರೆಂದು ನಾನೂ ನೋಡುತ್ತೇನೆ.

ಪಟ್ಟಿ ಹಾಕಿಸಿಕೊಂಡವರಲ್ಲಿ ಬಹಳ ಜನ ನನ್ನ ಗಿರಾಕಿಗಳೇ. ಆಸ್ಪತ್ರೆಯಿಂದ ಬಂದವರು ರಸ್ತೆ ದಾಟಿ ನನ್ನ ಬೆಂಚಿನ ಮೇಲೆ ಕೂರುತ್ತಾರೆ. ಈ ಬಿಸಿಲಿನಲ್ಲೂ ಎಲ್ಲರೂ ಉದ್ದ ತೋಳಿನ ಅಂಗಿ. ನಿನ್ನ ಅತ್ತೆ, "ಇದೇನು, ಮದುವೆ ದಿಬ್ಬಣ ಹೊರಟಿದೆಯಾ?" ಎಂದು ಕೇಳಿದಳು. ಹೊಸ ಫ್ಯಾಷನ್ ಎಂದೆ.

ಮೇಷ್ಟ್ರಿಗೆ ಕಾಲಿನ ಜೋಮು ಇಳಿಯುತ್ತಿದೆಯಂತೆ. ಚಪ್ಪಲಿ ಜಾರಿದರೆ ಈಗ ಗೊತ್ತಾಗುತ್ತದೆ ಎನ್ನುತ್ತಾರೆ. ನಿನ್ನ ಪಟ್ಟಿ ಗೆಲ್ಲುತ್ತದೆ ಕಣೇ. ಗೆದ್ದೇ ಗೆಲ್ಲುತ್ತದೆ.

ನಿನ್ನ ಮಾವ

*

ಏಪ್ರಿಲ್ 2

ಮಾವ, ಮಾವ, ಮಾವ!

ಅರ್ಧ ದಾರಿಯ ಲೆಕ್ಕ ಬಂತು. ನಿನ್ನ ಊರಿನಿಂದ ಪಟ್ಟಿಯ ಬಗ್ಗೆ ಒಂದೇ ಒಂದು ದೂರಿಲ್ಲ. ಸೊನ್ನೆ! ದುಂಡಗಿನ, ಮುದ್ದಾದ ಸೊನ್ನೆ! ರಕ್ತದಲ್ಲಿ ವಿಟಮಿನ್ ಏರುತ್ತಿದೆ. ಇಂಜೆಕ್ಷನ್‌ನಷ್ಟು ಬೇಗ ಅಲ್ಲ, ಆದರೆ ನಿಲ್ಲದೆ ಏರುತ್ತಿದೆ. ಮೇಡಂ ನನ್ನ ಬೆನ್ನು ತಟ್ಟಿದರು. ಮುಂದಿನ ತಿಂಗಳು ದೊಡ್ಡ ಸಭೆಯಲ್ಲಿ ಅಚ್ಚಿನ ಕೆಲಸದ ಬಗ್ಗೆ ನಾನೇ ಮಾತಾಡಬೇಕಂತೆ. ಯಾವ ಬಟ್ಟೆ ಹಾಕಲಿ?

ಇನ್ನೊಂದು ಊರಿನ ತುರಿಕೆಯ ಗಂಟೂ ಬಿಚ್ಚಿಕೊಂಡಿತು. ಒಂದೇ ಪಟ್ಟಿ, ಒಂದೇ ಔಷಧಿ, ನಿಮ್ಮಲ್ಲಿ ಸೊನ್ನೆ, ಅಲ್ಲಿ ಅಷ್ಟೊಂದು ಎಂದರೆ ತಪ್ಪು ಪಟ್ಟಿಯದಲ್ಲ, ಹಾಕುವವರದು ಎಂದು ತೀರ್ಮಾನವಾಯಿತು. ಅಲ್ಲಿ ಪಟ್ಟಿ ಹಾಕುತ್ತಿದ್ದ ನರ್ಸನ್ನು ತೆಗೆದುಹಾಕಿದ್ದಾರೆ. ಕೈ ತೊಳೆಯದೆ ಒತ್ತುತ್ತಿದ್ದಳೇನೋ ಎಂದು ಮಾತು. "ನಾನು ಸರಿಯಾಗೇ ಮಾಡಿದ್ದೀನಿ, ನೀವೇ ಬಂದು ನೋಡಿ" ಎಂದು ಅತ್ತಳಂತೆ. ಪಾಪ ಅನ್ನಿಸಿತು. ಆದರೆ ನಿನ್ನ ಊರಿನ ಸೊನ್ನೆಯ ಮುಂದೆ ಅವಳ ಮಾತು ನಿಲ್ಲಲಿಲ್ಲ.

ನೀಲಿ ಬಟ್ಟೆಯೋ ಹಳದಿಯೋ, ಬೇಗ ಬರಿ.

ನಿನ್ನ ಚೂಟಿ

*

ಏಪ್ರಿಲ್ 10

ಚೂಟಿ,

ಬಟ್ಟೆಯ ವಿಷಯ ಆಮೇಲೆ. ಇದನ್ನು ಅಂಗಡಿಯ ಬಾಗಿಲು ಹಾಕಿಕೊಂಡು, ಗಿರಾಕಿಗಳ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ಎದುರಿಗೆ ಕನ್ನಡಿ. ನನ್ನ ಮುಖ ನನಗೇ ನೋಡಲಾಗುತ್ತಿಲ್ಲ.

ಆ ಗಿರಾಕಿ ಮೇಷ್ಟ್ರಲ್ಲ. ನಾನೇ. ಮೇಷ್ಟ್ರು ಸೇರಿದ್ದು ನನ್ನ ನಂತರ.

ಕೈ ಕಲ್ಲಿನ ಹಾಗಿದೆ ಎಂದು ಬರೆದಿದ್ದೆ, ಅದೊಂದು ನಿಜವಾಗಿತ್ತು. ಕಲ್ಲಿನ ಹಾಗೆಯೇ ಇತ್ತು, ಏನೂ ತಿಳಿಯುತ್ತಿರಲಿಲ್ಲ. ಚಳಿಗಾಲದಲ್ಲಿ ಒಬ್ಬ ಗಿರಾಕಿಯ ಕಿವಿಯ ಕೆಳಗೆ ರೇಜರ್ ಇಳಿಯಿತು. ರಕ್ತ ಕಂಡ ಮೇಲೆ ಗೊತ್ತಾಯಿತು, ಕೈಗೆ ಗೊತ್ತಾಗಲಿಲ್ಲ. ಅವತ್ತಿನಿಂದ ಶೇವಿಂಗ್ ಬಿಟ್ಟು ಬರೀ ಕಟಿಂಗ್ ಮಾಡುತ್ತಿದ್ದೆ. ಎದುರಿನ ಆಸ್ಪತ್ರೆಯ ಡಾಕ್ಟರಮ್ಮ, ಬಿ-ಹನ್ನೆರಡು ಕಡಿಮೆ, ವಾರವಾರ ಇಂಜೆಕ್ಷನ್ ಎಂದಾಗ ನಾನು ಆ ಕಡೆ ತಲೆ ಹಾಕಲಿಲ್ಲ. ನಿನ್ನ ಪಟ್ಟಿ ಎಂದ ಕೂಡಲೇ ಓಡಿದೆ. ಪಟ್ಟಿ ಮಾಡುವ ಕಡೆ ನನ್ನವರು ಯಾರಾದರೂ ಕೆಲಸ ಮಾಡುತ್ತಾರಾ ಎಂದು ಸೇರಿಸಿಕೊಳ್ಳುವಾಗ ಕೇಳಿದ್ದರು. ಇಲ್ಲ ಎಂದೆ.

ಎರಡನೇ ವಾರಕ್ಕೆ ತೋಳು ಕೆಂಪಾಯಿತು. ಅಷ್ಟರಲ್ಲಿ ನಿನ್ನ ಕಾಗದ ಬಂತು, ಯಾರೂ ಕೆರೆದುಕೊಳ್ಳದ ಹಾಗೆ ನೋಡಿಕೋ ಎಂದು. ನೀನು ನಗೆಗೆ ಬರೆದದ್ದು. ನನಗೆ ಅದು ಅಪ್ಪಣೆಯ ಹಾಗೆ ಕೇಳಿಸಿತು. ಬೆಂಚಿನ ಮೇಲಿದ್ದವರಿಗೆಲ್ಲ ಹೇಳಿದೆ: "ನಮ್ಮ ಹುಡುಗಿಯ ಅನ್ನದ ಪ್ರಶ್ನೆ. ನರ್ಸಮ್ಮ ಕೇಳಿದರೆ ಏನೂ ಇಲ್ಲ ಅನ್ನಿ. ವಾರ ಕಳೆದರೆ ತಾನಾಗೇ ಮಾಯುತ್ತೆ." ಹೇಗೂ ಬಟ್ಟೆ ಮುಚ್ಚಿಕೊಂಡರೆ ಯಾರೂ ನೋಡರು. ಹೊಸ ಪಟ್ಟಿಯನ್ನು ಪ್ರತಿ ಸಲ ಇನ್ನೊಂದು ತೋಳಿಗೆ ಹಾಕಿಸಿಕೊಳ್ಳುತ್ತಿದ್ದೆವು. ಎಲ್ಲರೂ ಒಪ್ಪಿದರು. ನನ್ನ ಮಾತು ತೆಗೆದುಹಾಕುವವರು ಇಲ್ಲಿ ಯಾರಿದ್ದಾರೆ?

ಮೇಷ್ಟ್ರು ಮಾತ್ರ ತಡೆಯಲಾರದೆ ನನ್ನ ಬಾಚಣಿಗೆಯಿಂದಲೇ ಕೆರೆದುಕೊಂಡರು. ಗಾಯವಾಗಿ ಕೀವು ಕಟ್ಟಿತು. ನಿನ್ನ ಸೊನ್ನೆಯ ಕಾಗದ ಬಂದ ದಿನ ಜ್ವರದಿಂದ ಬೆಂಚಿನ ಮೇಲೆ ಮುದುಡಿ ಮಲಗಿದ್ದರು. ಆ ನರ್ಸಿನ ವಿಷಯವನ್ನು ನಾನು ಗಟ್ಟಿಯಾಗಿ ಓದಿಬಿಟ್ಟೆ. ಮೇಷ್ಟ್ರು ಕಣ್ಣು ತೆರೆದು, "ನಮ್ಮ ಸುಳ್ಳಿಗೆ ಆ ಹುಡುಗಿ ಕೆಲಸ ಹೋಯ್ತೇನಯ್ಯಾ?" ಎಂದರು.

ಅವರನ್ನು ಎಬ್ಬಿಸಿ, ತೋಳು ಹಿಡಿದು ರಸ್ತೆ ದಾಟಿಸಿದೆ. ಉಳಿದವರೂ ಹಿಂದೆಯೇ ಬಂದರು. ಡಾಕ್ಟರಮ್ಮನ ಕೋಣೆಯಲ್ಲಿ ಎಲ್ಲರೂ ಅಂಗಿ ಕಳಚಿ ಸಾಲಾಗಿ ನಿಂತೆವು. ಆಕೆ ನೋಡಿದಳು, ನೋಡಿದಳು. ಕೊನೆಗೆ, "ಇಷ್ಟು ದಿನ ಕೇಳಿದಾಗೆಲ್ಲ ಚೆನ್ನಾಗಿದ್ದೀವಿ ಅಂದ್ರಲ್ಲ?" ಎಂದಳು.

"ನಾನೇ ಹೇಳಿಸಿದ್ದು ತಾಯಿ. ಆ ಪಟ್ಟಿ ಮಾಡೋಳು ನನ್ನ ತಂಗಿ ಮಗಳು."

ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೇಷ್ಟ್ರನ್ನು ಅಲ್ಲೇ ದಾಖಲು ಮಾಡಿಕೊಂಡು, ಪ್ರತಿಯೊಬ್ಬರ ತೋಳಿನ ಫೋಟೋ ತೆಗೆಸಿದಳು. ಇವೆಲ್ಲ ಇನ್ನೆರಡು ದಿನದಲ್ಲಿ ನಿಮ್ಮಲ್ಲಿಗೆ ಬರುತ್ತವೆ. ಬೇರೆಯವರ ಬಾಯಿಂದ ಕೇಳುವ ಮೊದಲು ನನ್ನಿಂದ ಕೇಳು ಎಂದು ಬರೆದೆ.

ಮಾವ

*

ಏಪ್ರಿಲ್ 17

ಮಾವನವರಿಗೆ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ಅದನ್ನು ಮೇಡಂಗೆ ತೋರಿಸಿದ್ದೇನೆ, ನೀವು ನನ್ನ ಸೋದರಮಾವ ಎಂದೂ ಹೇಳಿದ್ದೇನೆ. ವಿಚಾರಣೆ ಮುಗಿಯುವವರೆಗೆ ನಾನು ಅಚ್ಚಿನ ಕೋಣೆಗೆ ಹೋಗುವಂತಿಲ್ಲ. ಸಭೆಯ ಮಾತೂ ರದ್ದಾಗಿದೆ.

ಪಟ್ಟಿ ಸೋತಿದ್ದರೆ ನಾನು ಇನ್ನೊಂದು ಮಾಡುತ್ತಿದ್ದೆ. ಸೋತದ್ದೇ ಗೊತ್ತಾಗದಿದ್ದರೆ ಏನು ಮಾಡಲಿ? ನಾಳೆ ಇದನ್ನು ಮಕ್ಕಳ ತೋಳಿಗೆ ಹಾಕುವವರಿದ್ದರು. "ತುರಿಸುತ್ತಿದೆ" ಎಂಬ ಒಂದು ಮಾತಿಗಾಗಿಯೇ ಅಷ್ಟು ಜನರನ್ನು ಕೂಡಿಸಿದ್ದು. ನೀವು ಆ ಮಾತನ್ನೇ ಮುಚ್ಚಿಟ್ಟಿರಿ, ಅದೂ ನನ್ನ ಹೆಸರಿನಲ್ಲಿ.

ನಾನೂ ತಮಾಷೆಗೆಂದು ಬರೆಯಬಾರದ್ದನ್ನು ಬರೆದೆ. ಅದನ್ನೂ ಮೇಡಂಗೆ ಹೇಳಿದ್ದೇನೆ.

ನಿಮ್ಮ ಕೈಯ ಬಗ್ಗೆ ನನಗೆ ಹೇಳಲಿಲ್ಲವಲ್ಲ, ಅದು ಎಲ್ಲಕ್ಕಿಂತ ಹೆಚ್ಚು ನೋಯಿಸಿತು. ಸದ್ಯಕ್ಕೆ ಬರೆಯಬೇಡಿ.

*

ಮೇ 21

ಚೂಟಿ,

ಬರೆಯಬೇಡ ಎಂದಿದ್ದೆ, ಒಂದು ತಿಂಗಳು ಬರೆಯಲಿಲ್ಲ. ಇದನ್ನು ಬರೆಸುತ್ತಿರುವವಳು ನಿನ್ನ ಅತ್ತೆ. ಪಕ್ಕದಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಳೆ. ಹಾಗಾಗಿ ತಪ್ಪು ನನ್ನದಲ್ಲ.

ಮೇಷ್ಟ್ರು ಮನೆಗೆ ಬಂದರು. ಗಾಯ ಒಣಗಿದೆ. ಈಗ ಅವರು ನನ್ನ ಬಾಚಣಿಗೆಗಳನ್ನು ಬಿಸಿನೀರಿನಲ್ಲಿ ಅದ್ದಿಸದೆ ತಲೆ ಕೊಡುವುದಿಲ್ಲ.

ಆ ನರ್ಸಿಗೆ ನಾವೆಲ್ಲ ಸೇರಿ ಕ್ಷಮೆ ಕೇಳಿ ಬರೆದೆವು. ಆಕೆ ಉತ್ತರಿಸಿದಳು. "ನೀವು ನಿಜ ಹೇಳಿದಿರಿ, ಅಷ್ಟು ಸಾಕು. ಆದರೆ ಎರಡು ವಾರ ಮೊದಲೇ ಹೇಳಬಹುದಿತ್ತು" ಎಂದಿದ್ದಾಳೆ. ಸರಿಯಾದ ಮಾತು.

ನೀನು "ನೀವು" ಎಂದು ಬರೆದಿದ್ದೀಯ. ನಿನಗೆ ಮಾತು ಬಂದಾಗಿನಿಂದ ನನ್ನನ್ನು ಹಾಗೆ ಕರೆದವಳಲ್ಲ. ಅಂಗಡಿಯಲ್ಲಿ ದಿನಾ ಎಷ್ಟೋ ಜನ ನನಗೆ ನೀವು ಎನ್ನುತ್ತಾರೆ, ಮರ್ಯಾದೆ ಅನ್ನಿಸುತ್ತದೆ. ನಿನ್ನ ಕೈಯಲ್ಲಿ ಅದು ಕಪಾಳಕ್ಕೆ ಹೊಡೆದ ಹಾಗಿತ್ತು. ಹೊಡೆಸಿಕೊಳ್ಳಬೇಕಾದದ್ದೇ.

ಅತ್ತೆ ಕೇಳುತ್ತಿದ್ದಾಳೆ, ಊಟ ಸರಿಯಾಗಿ ಮಾಡುತ್ತಿದ್ದೀಯಾ ಎಂದು. ನಾನೂ ಕೇಳುತ್ತಿದ್ದೇನೆ.

ಮಾವ

*

ಜೂನ್ 11

ಮಾವ!

ನೀನು ಕೂತಿದ್ದರೆ ಏಳು, ನಿಂತಿದ್ದರೆ ಕೂರು. ಸಿಕ್ಕಿತು!

ನಿಮ್ಮ ತೋಳುಗಳ ಫೋಟೋಗಳನ್ನು ಮೇಡಂ ಗೋಡೆಯ ತುಂಬ ಅಂಟಿಸಿದ್ದರು. ಪಕ್ಕದಲ್ಲಿ ಇನ್ನೊಂದು ಊರಿನವು. ನನ್ನನ್ನು ವಿಚಾರಣೆಗೆ ಕರೆದ ದಿನ ಇಬ್ಬರೂ ಆ ಗೋಡೆಯ ಮುಂದೆಯೇ ನಿಂತಿದ್ದೆವು. ಅವರು ನನ್ನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು, ನಾನು ತಲೆ ತಗ್ಗಿಸುವ ಬದಲು ಫೋಟೋ ನೋಡುತ್ತಿದ್ದೆ. ಅವರು ಬೈಗುಳದ ನಡುವೆಯೇ ನಿಂತುಬಿಟ್ಟರು. "ನಡುವೆ ಯಾಕೆ ಏನೂ ಇಲ್ಲ?" ಎಂದರು. ಅದೇ ಮಾತು ನನ್ನ ನಾಲಿಗೆಯ ಮೇಲಿತ್ತು. ಎಲ್ಲ ತೋಳುಗಳಲ್ಲೂ ಕೆಂಪು ಚೌಕಟ್ಟು, ಅಂಚಿನಲ್ಲಿ ಮಾತ್ರ! ಮೊನೆಗಳು ಚುಚ್ಚಿದ ನಡುಭಾಗ ಸ್ವಚ್ಛ. ತುರಿಕೆ ಮೊನೆಯದಲ್ಲ ಮಾವ, ಅಂಟಿನದು! ಸುತ್ತಲಿನ ಅಂಟು ಬೆವರಿಗೆ ನೆನೆದು ಚರ್ಮವನ್ನು ಕೆಣಕುತ್ತಿತ್ತು.

ಮೊದಲು ಬಂದಿದ್ದ ಫೋಟೋಗಳು ಬರೀ ನಾಲ್ಕು, ಅದರಲ್ಲೂ ಜನ ಕೆರೆದು ಎಲ್ಲ ಒಂದಾಗಿತ್ತು. ಇಷ್ಟು ತೋಳುಗಳು ಒಟ್ಟಿಗೆ ಬಂದ ಮೇಲೆಯೇ ಕಣ್ಣಿಗೆ ಬಿದ್ದದ್ದು. ಇದನ್ನು ಓದಿ ಎದೆಯುಬ್ಬಿಸಬೇಡ. ಮೊದಲೇ ಹೇಳಿದ್ದರೆ ಮಾರ್ಚಿನಲ್ಲೇ ಸಿಗುತ್ತಿತ್ತು.

ಅಂಟು ಬದಲಾಯಿತು. ನಾವೆಲ್ಲ ಬರೀ ಅಂಟಿನ ಪಟ್ಟಿಯನ್ನು ತೋಳಿಗೆ ಹಚ್ಚಿಕೊಂಡು ಬಿಸಿಲಿನಲ್ಲಿ ಅಂಗಳ ಸುತ್ತಿದೆವು, ಮೇಡಂ ಕೂಡ! ಹಳೆಯ ಅಂಟಿಗೆ ಮೂವರ ತೋಳು ಕೆಂಪಾಯಿತು, ಹೊಸದಕ್ಕೆ ಯಾರದೂ ಇಲ್ಲ. ಆ ನರ್ಸಿಗೆ ಕ್ಷಮೆ ಕೇಳಿ ವಾಪಸು ಕರೆದರು. ಈಗ ಎರಡೂ ಊರುಗಳ ದೂರು ಕೇಳುವ ಜವಾಬ್ದಾರಿ ಆಕೆಯದೇ. ನಾನು ಅಚ್ಚಿನ ಕೋಣೆಗೆ ಮರಳಿದ್ದೇನೆ. ಪಕ್ಕದವಳು ಹಾಡಿದಳು. ಅಷ್ಟೇನೂ ಕೆಟ್ಟದಾಗಿರಲಿಲ್ಲ.

ಔಷಧಿಯ ಲೆಕ್ಕ ಕೇಳು. ಕೊನೆಯ ವಾರಕ್ಕೆ ಪಟ್ಟಿಯವರು ಇಂಜೆಕ್ಷನ್ ಗುಂಪಿನ ಹತ್ತಿರ ಹತ್ತಿರ ಬಂದಿದ್ದಾರೆ. ಕೆಲವರಲ್ಲಿ ಏರಲೇ ಇಲ್ಲ, ಸರಿಯಾಗಿ ಒತ್ತದೆ ಟಕ್ ಎನ್ನದಿದ್ದವರಿರಬೇಕು ಎಂದು ಅನುಮಾನ. ಇನ್ನೊಂದು ಸುತ್ತು, ಹೆಚ್ಚು ಜನರೊಂದಿಗೆ, ಮಾಡಲೇಬೇಕು. ಗೆದ್ದೆವು ಎನ್ನುವ ಹಾಗಿಲ್ಲ. ಆದರೆ ಮಾವ, ಕೆಲಸ ಮಾಡುತ್ತದೆ! ಕೆಲಸ ಮಾಡುತ್ತದೆ!

ನಿಮ್ಮ ಬೆಂಚಿನವರ ರಕ್ತದ ಲೆಕ್ಕ ಇಟ್ಟುಕೊಂಡರು, ತುರಿಕೆಯ ಹಳೆಯ ಉತ್ತರಗಳನ್ನು ಕೈಬಿಟ್ಟರು. ನಿನ್ನದನ್ನು ಮಾತ್ರ ಪೂರ್ತಿ ತೆಗೆದರು, ನೀನು ನನ್ನ ಮಾವನಾದದ್ದಕ್ಕೆ. ಆದ್ದರಿಂದ ನಿನ್ನ ಕೈ ಹೇಗಿದೆ ಎಂದು ನಮ್ಮ ಯಾವ ಕಾಗದದಲ್ಲೂ ಇಲ್ಲ. ನೀನೇ ಬರಿ. ಈ ಸಲ ನಿಜ ಬರಿ.

ನಿನ್ನ ಚೂಟಿ

*

ಜುಲೈ 6

ಚೂಟಿ ಮಗಳೇ,

"ನೀನು ಕೂತಿದ್ದರೆ ಏಳು" ಎಂಬಲ್ಲಿಗೇ ಎದ್ದು ನಿಂತೆ. ಉಳಿದದ್ದನ್ನು ಆಮೇಲೆ ಓದಿದೆ. ಆ "ನೀನು" ಇದೆಯಲ್ಲ, ಅತ್ತೆಗೆ ತೋರಿಸಿದೆ, ಮೇಷ್ಟ್ರಿಗೆ ತೋರಿಸಿದೆ.

ಕೈಯ ಬಗ್ಗೆ ನಿಜ ಕೇಳಿದೆ, ತಗೋ. ಎಡಗೈ ಪೂರ್ತಿ ಸರಿಹೋಗಿದೆ. ಬಲಗೈಯ ಕಿರುಬೆರಳು ಮತ್ತು ಅದರ ಪಕ್ಕದ ಬೆರಳಿನ ತುದಿ ಇನ್ನೂ ಮಂಕು. ಪರೀಕ್ಷೆಯಿಂದ ತೆಗೆದ ಮೇಲೆ ಪಟ್ಟಿಯೂ ಇಲ್ಲ, ಹಾಗಾಗಿ ಡಾಕ್ಟರಮ್ಮ ಇಂಜೆಕ್ಷನ್ ಎಂದಳು. ಹಾಕಿಸಿಕೊಂಡೆ. ನೋವಾಯಿತು, ಕೂಗಿದೆ, ಹೊರಗೆ ಕೂತಿದ್ದವರಿಗೆಲ್ಲ ಕೇಳಿಸಿತು. ಮೊನ್ನೆ ಮೇಷ್ಟ್ರು ತಾವಾಗಿಯೇ ಕುತ್ತಿಗೆ ಒಡ್ಡಿ, "ಶೇವಿಂಗ್ ಮಾಡು" ಎಂದರು. ಬೇಡ ಎಂದೆ. "ನಿನ್ನ ಮಾತು ಕೇಳಿ ಜ್ವರ ಬರಿಸಿಕೊಂಡವನು ನಾನು, ಇದಕ್ಕೆ ಹೆದರ್ತೀನಾ?" ಎಂದರು. ರೇಜರ್ ಹಿಡಿದೆ. ಗಲ್ಲದ ಕೆಳಗಿನ ಒಂದೊಂದು ಕೂದಲೂ ಕೈಗೆ ಗೊತ್ತಾಯಿತು ಮಗಳೇ. ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಬಿಡಲಿ, ಕೈ ನನ್ನದು.

ಇವತ್ತು ಎರಡನೇ ಸುತ್ತಿಗೆ ಹೊಸಬರನ್ನು ಸೇರಿಸಿಕೊಂಡರು. ಆಸ್ಪತ್ರೆಯ ದೊಡ್ಡ ಕೋಣೆ ತುಂಬಿತ್ತು. ನೀವು ವಾಪಸು ಕರೆದ ನರ್ಸಮ್ಮನೂ ಬಂದಿದ್ದಳು, ಪುಟ್ಟ ಹುಡುಗಿ, ನಿನಗಿಂತ ಚಿಕ್ಕವಳು. ಡಾಕ್ಟರಮ್ಮ ನನ್ನನ್ನು ಎದುರಿಗೆ ನಿಲ್ಲಿಸಿ ಎರಡು ಮಾತಾಡಿ ಎಂದಳು.

"ನಾನು ಸುಳ್ಳು ಹೇಳಿದವನು. ಅದಕ್ಕೇ ಕರೆದಿದ್ದಾರೆ," ಎಂದೆ. ಯಾರೋ ನಕ್ಕರು. "ಪಟ್ಟಿ ಒಳ್ಳೇದೇ. ಆದ್ರೆ ತುರಿಸಿದ್ರೆ ತುರಿಸ್ತು ಅನ್ನಿ. ಉರಿದ್ರೆ ಉರೀತು ಅನ್ನಿ. ಇವರಿಗೆ ಬೇಜಾರಾಗುತ್ತೆ ಅಂತ ಸುಮ್ನಿರಬೇಡಿ. ನೀವು ಹೇಳದೇ ಇದ್ರೆ ನಿಮ್ಮ ನಂತರ ಹಾಕಿಸಿಕೊಳ್ಳೋ ಮಗು ಅಳುತ್ತೆ. ಅಷ್ಟೇ."

ಹಾಳುಮಾಡಿದೆನೇನೋ ಎಂದುಕೊಂಡೆ. ಆಗ ಹಿಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಕೈ ಎತ್ತಿದಳು.

"ನಂಗಿನ್ನೂ ಪಟ್ಟಿ ಹಾಕಿಲ್ಲ. ಆದ್ರೆ ನಿಮ್ಮ ಈ ಕುರ್ಚಿ ಸೊಂಟ ಮುರೀತಿದೆ. ಅದನ್ನೂ ಬರ್ಕೋತೀರಾ?"

ನರ್ಸಮ್ಮ ನಗಲಿಲ್ಲ. ಪೆನ್ನು ತೆಗೆದು ಅಜ್ಜಿಯ ಪಕ್ಕ ಮಂಡಿಯೂರಿ ಕೂತಳು. "ಬರ್ಕೋತೀನಿ ಅಜ್ಜಿ. ಎಲ್ಲಿ ನೋಯ್ತಿದೆ, ಹೇಳಿ."

ಅಷ್ಟಾದದ್ದೇ ತಡ, ಒಬ್ಬನಿಗೆ ಫ್ಯಾನಿನ ಸದ್ದು, ಇನ್ನೊಬ್ಬನಿಗೆ ಹೋದ ಸಲದ ಔಷಧಿಯಿಂದ ಬಂದ ಹೊಟ್ಟೆಯುರಿ, ಮತ್ತೊಬ್ಬಳಿಗೆ ಯಾವ ಅಂಟು ಹಚ್ಚಿದರೂ ಗಂದೆ ಏಳುವ ಮೈ. ಆ ಕೊನೆಯ ಮಾತು ಕೇಳಿ ಡಾಕ್ಟರಮ್ಮ ತಟ್ಟನೆ ತಿರುಗಿದಳು. "ಏನಂದ್ರಿ? ಇದು ಬೇಕು ನಂಗೆ. ಮೊದಲಿಂದ ಹೇಳಿ," ಎಂದು ಕುರ್ಚಿ ಎಳೆದುಕೊಂಡಳು. ಕೋಣೆಯ ತುಂಬ ಕೈಗಳು ಮೇಲೆದ್ದವು.

ನಾನು ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದೆ. ನರ್ಸಮ್ಮ ಎರಡನೇ ಹಾಳೆ ತಿರುವಿದಳು.

ನಿನ್ನ ಮಾವ